ಓದುವ ಮನೆಯಲ್ಲಿ ಕೇಳುವವರಿಗೂ ಜಾಗವಿತ್ತು



ಗ್ರಂಥಾಲಯ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಮರದ ಬೀರುಗಳು, ಉದ್ದನೆಯ ಮೇಜು, ಮೇಜಿನ ತುಂಬ ಹರಡಿದ ದಿನಪತ್ರಿಕೆಗಳು, ಗೋಡೆಯ ಮೇಲೆ ‘ನಿಶ್ಶಬ್ದ’ ಎಂಬ ಫಲಕ. ಯಾರಾದರೂ ಕೆಮ್ಮಿದರೂ ಹತ್ತು ತಲೆಗಳು ಮೇಲೇಳುವ ಜಾಗ. ದನಿಯನ್ನೇ ನಂಬಿ ಬದುಕುವ ನಮ್ಮಂಥವರಿಗೆ ಅಲ್ಲೇನು ಕೆಲಸ ಎಂದು ನೀವು ಕೇಳಬಹುದು.

ಆದರೆ ನಮ್ಮ ದೇಶದ ಸಾರ್ವಜನಿಕ ಗ್ರಂಥಾಲಯಗಳ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಿ. ಅದು ಮೌನದ ಚರಿತ್ರೆಯಲ್ಲ. ಅಲ್ಲಿ ಕತೆ ಹೇಳುವ ದನಿಗಳಿವೆ, ಭಾಷಣಗಳಿವೆ, ನಾಟಕವಿದೆ, ಹಾಡಿದೆ, ಚರ್ಚೆಯಿದೆ. ಈ ಕಾರ್ಯಕ್ರಮಗಳನ್ನು ಪುಸ್ತಕಗಳ ಜೊತೆಗೆ ಅಲಂಕಾರಕ್ಕೆಂದು ಆಮೇಲೆ ಸೇರಿಸಿದ್ದಲ್ಲ. ಓದು ಬಲ್ಲವರೇ ಕಡಿಮೆ ಇದ್ದ ನಾಡಿನಲ್ಲಿ ಗ್ರಂಥಾಲಯ ಬೇರೂರಿದ್ದೇ ಇವುಗಳ ಬಲದಿಂದ. ಊರು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿರುವ ನಮಗೆ ಈ ಮಾತು ಇಂದು ಏಕೆ ಮುಖ್ಯ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಒಂದಿಷ್ಟು ಹಿಂದಕ್ಕೆ ಹೋಗಿಬರೋಣ.

ಒಬ್ಬರು ಓದುವುದು, ಹತ್ತು ಮಂದಿ ಕೇಳುವುದು

ಕನ್ನಡಿಗರಿಗೆ ಇದು ಹೊಸತಲ್ಲ. ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿ ಭಾರತವನ್ನೂ ನಮ್ಮ ಹಿರಿಯರಲ್ಲಿ ಎಷ್ಟು ಮಂದಿ ಕಣ್ಣಿನಿಂದ ಓದಿದ್ದರು? ಬಹುಪಾಲು ಜನ ಕಿವಿಯಿಂದ ಓದಿದ್ದರು. ಜಗಲಿಯ ಮೇಲೋ ದೇವಸ್ಥಾನದ ಪ್ರಾಕಾರದಲ್ಲೋ ಗಮಕಿಗಳು ಕಾವ್ಯವನ್ನು ಹಾಡಿ ಓದುತ್ತಿದ್ದರು, ಪಕ್ಕದಲ್ಲಿ ಕುಳಿತವರೊಬ್ಬರು ಅರ್ಥ ಬಿಡಿಸಿ ಹೇಳುತ್ತಿದ್ದರು. ಅಕ್ಷರ ಬಾರದ ಅಜ್ಜಿಗೂ ಅಭಿಮನ್ಯುವಿನ ಕತೆ ಬಾಯಿಗೆ ಬರುತ್ತಿದ್ದುದು ಹೀಗೆ. ಓದು ಎಂದರೆ ಒಬ್ಬರೇ ಕುಳಿತು ಮಾಡುವ ಕೆಲಸ ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದ್ದು ಇತ್ತೀಚೆಗೆ.

ಹಾಗಾಗಿ ಸಾರ್ವಜನಿಕ ಗ್ರಂಥಾಲಯವೆಂಬ ಹೊಸ ವ್ಯವಸ್ಥೆ ನಮ್ಮ ನಗರಗಳಿಗೆ ಬಂದಾಗ ಅದು ಈ ಹಳೆಯ ಅಭ್ಯಾಸದ ಜೊತೆ ಹೊಂದಿಕೊಳ್ಳಲೇಬೇಕಾಯಿತು. ಹೊಂದಿಕೊಂಡ ಕಡೆ ಬೆಳೆಯಿತು.

ಹೈದರಾಬಾದಿನ ಒಂದು ಭಾಷಾ ನಿಲಯ

1901ರ ಸೆಪ್ಟೆಂಬರ್ 1ರಂದು ಹೈದರಾಬಾದಿನಲ್ಲಿ ಒಂದು ಗ್ರಂಥಾಲಯ ತೆರೆಯಿತು. ಹೆಸರು ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯಂ. ಕೊಮರ್ರಾಜು ಲಕ್ಷ್ಮಣರಾವ್, ರಾವಿಚೆಟ್ಟು ರಂಗರಾವ್, ಮುನಗಾಲದ ರಾಜ ನಾಯನಿ ವೆಂಕಟ ರಂಗರಾವ್ ಮುಂತಾದವರು ಸೇರಿ ಕಟ್ಟಿದ ಸಂಸ್ಥೆ ಅದು. ಕನ್ನಡಿಗರೂ ತಮ್ಮವನೆಂದು ಹೆಮ್ಮೆಪಡುವ ವಿಜಯನಗರದ ದೊರೆಯ ಹೆಸರನ್ನು ಅದಕ್ಕೆ ಇಟ್ಟರು.

ಆಗಿನ ನಿಜಾಮರ ರಾಜ್ಯದಲ್ಲಿ ಆಡಳಿತದ ಭಾಷೆ ಉರ್ದು. ತೆಲುಗು, ಮರಾಠಿ, ಕನ್ನಡ ಆಡುವ ಜನ ರಾಜ್ಯದ ತುಂಬ ಇದ್ದರೂ ಕಚೇರಿಯಲ್ಲಿ ಅವರ ಭಾಷೆಗೆ ಬೆಲೆಯಿರಲಿಲ್ಲ. ನಮ್ಮ ಗುಲ್ಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳೂ ಇದೇ ರಾಜ್ಯದಲ್ಲಿದ್ದವು, ಅಲ್ಲಿನ ಕನ್ನಡಿಗರದ್ದೂ ಇದೇ ಪಾಡು. 1921ರಲ್ಲಿ ಹೈದರಾಬಾದಿನ ಸಭೆಯೊಂದರಲ್ಲಿ ತೆಲುಗಿನಲ್ಲಿ ಮಾತಾಡಲು ಎದ್ದು ನಿಂತವರನ್ನು ಜನ ಗೇಲಿ ಮಾಡಿ ಕೂರಿಸಿದರು. ಆ ಅವಮಾನದಿಂದ ಹುಟ್ಟಿದ ಆಂಧ್ರ ಜನ ಸಂಘ ಕೈಗೆತ್ತಿಕೊಂಡ ಕೆಲಸಗಳಲ್ಲಿ ಊರೂರಿನಲ್ಲಿ ಗ್ರಂಥಾಲಯ, ವಾಚನಾಲಯ ತೆರೆಯುವುದೂ ಒಂದು.

ಸಿಟ್ಟು ಬಂದ ಜನ ಗ್ರಂಥಾಲಯವನ್ನೇ ಏಕೆ ತೆರೆದರು? ಪುಸ್ತಕದ ನೆಪದಲ್ಲಿ ನಾಲ್ಕು ಮಂದಿ ಒಂದೆಡೆ ಸೇರಬಹುದಿತ್ತು. ತಮ್ಮ ಭಾಷೆಯಲ್ಲಿ ಪತ್ರಿಕೆ ಓದಿ, ಓದು ಬಾರದವರಿಗೆ ಕೇಳಿಸಿ, ಅದರ ಬಗ್ಗೆ ಮಾತಾಡಬಹುದಿತ್ತು. ಅಧಿಕಾರದ ಬೆಂಬಲವಿಲ್ಲದ ಭಾಷೆಗೆ ಬೇಕಾದದ್ದು ಪುಸ್ತಕದ ಬೀರು ಮಾತ್ರವಲ್ಲ, ಆ ಭಾಷೆ ಕಿವಿಗೆ ಬೀಳುವ ಒಂದು ಜಾಗ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬರೋಡಾದ ಮರದ ಪೆಟ್ಟಿಗೆಗಳು

ಹೈದರಾಬಾದಿನಲ್ಲಿ ಜನರೇ ಮುಂದೆ ನಿಂತರು. ಬರೋಡಾದಲ್ಲಿ ದೊರೆ ಮುಂದೆ ನಿಂತ. ಮೂರನೆಯ ಸಯಾಜಿರಾವ್ ಗಾಯಕವಾಡರು 1906ರಲ್ಲಿ ತಮ್ಮ ರಾಜ್ಯದುದ್ದಕ್ಕೂ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮತ್ತು ಉಚಿತ ಮಾಡಿದರು. ಆದರೆ ಒಂದು ತೊಂದರೆ ಉಳಿಯಿತು. ನಾಲ್ಕು ಅಕ್ಷರ ಕಲಿತು ಶಾಲೆ ಬಿಟ್ಟ ಹುಡುಗನಿಗೆ ಆಮೇಲೆ ಓದಲು ಏನೂ ಸಿಗದಿದ್ದರೆ ಕಲಿತದ್ದು ಮರೆತುಹೋಗುತ್ತದೆ. ಶಾಲೆಗೆ ಸುರಿದ ಹಣ ನೀರಿನಲ್ಲಿ ಹೋಮ ಮಾಡಿದಂತೆ.

ಅದೇ ವರ್ಷ ಅಮೆರಿಕ ಪ್ರವಾಸ ಹೋಗಿದ್ದ ಮಹಾರಾಜರು ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳನ್ನು ಕಂಡು ಬಂದರು. 1910ರಲ್ಲಿ ವಿಲಿಯಂ ಅಲನ್ಸನ್ ಬೋರ್ಡನ್ ಎಂಬ ಅಮೆರಿಕದ ಗ್ರಂಥಪಾಲಕರನ್ನು ಕರೆಸಿಕೊಂಡರು. ಅರಮನೆಯಲ್ಲಿದ್ದ ತಮ್ಮ ಸ್ವಂತ ಸಂಗ್ರಹದ ಸುಮಾರು 20 ಸಾವಿರ ಪುಸ್ತಕಗಳನ್ನು ಹೊಸ ಸೆಂಟ್ರಲ್ ಲೈಬ್ರರಿಗೆ ಕೊಟ್ಟರು. ಬೋರ್ಡನ್ ಮೂರು ವರ್ಷ ಇದ್ದು 1913ರಲ್ಲಿ ಹಿಂದಿರುಗಿದರು. ಅಷ್ಟರಲ್ಲಿ ಪಟ್ಟಣದಿಂದ ಹಳ್ಳಿಯವರೆಗೆ ಗ್ರಂಥಾಲಯಗಳ ಒಂದು ಜಾಲ ಹಬ್ಬತೊಡಗಿತ್ತು.

ಹಳ್ಳಿಗಳಿಗೆ ಪುಸ್ತಕ ಹೋಗುತ್ತಿದ್ದುದು ಮರದ ಪೆಟ್ಟಿಗೆಗಳಲ್ಲಿ. ಒಂದು ಪೆಟ್ಟಿಗೆಯಲ್ಲಿ ಕೆಲವು ಹತ್ತು ಪುಸ್ತಕ. ಒಂದು ಊರಿನವರು ಓದಿ ಮುಗಿಸಿದ ಮೇಲೆ ಅದು ಇನ್ನೊಂದು ಊರಿಗೆ. ಪುಸ್ತಕದ ಜೊತೆಗೆ ಇನ್ನೊಂದು ವಿಭಾಗವೂ ಇತ್ತು. ಮ್ಯಾಜಿಕ್ ಲ್ಯಾಂಟರ್ನ್, ಚಿತ್ರದ ಸ್ಲೈಡುಗಳು, ಸಿನಿಮಾ ಯಂತ್ರ ಹೊತ್ತುಕೊಂಡು ಊರೂರು ಸುತ್ತಿ, ಅಕ್ಷರ ಬಾರದವರಿಗೆ ಉಚಿತವಾಗಿ ಚಿತ್ರ ತೋರಿಸಿ ವಿವರಿಸುವ ವಿಭಾಗ ಅದು. ಟೂರಿಂಗ್ ಟಾಕೀಸು ನಮ್ಮ ಹಳ್ಳಿಗಳಿಗೆ ಬರುವ ಎಷ್ಟೋ ಮೊದಲೇ ಅಲ್ಲಿ ಗ್ರಂಥಾಲಯವೇ ಪರದೆ ಕಟ್ಟಿತ್ತು. ಸೆಂಟ್ರಲ್ ಲೈಬ್ರರಿಯಲ್ಲಿ ಮಕ್ಕಳಿಗೆ ಬೇರೆ ಕೋಣೆ, ಅಲ್ಲಿ ಪುಸ್ತಕದ ಜೊತೆ ಆಟದ ಸಾಮಾನು.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಖರ್ಚಿನ ಲೆಕ್ಕ. ಊರಿಗೆ ಗ್ರಂಥಾಲಯ ಬೇಕೆಂದರೆ ಊರವರು ಒಂದು ಪಾಲು ಹಣ ಕೂಡಿಸಬೇಕು. ಆಗ ಅಷ್ಟೇ ಹಣವನ್ನು ಜಿಲ್ಲಾ ಪಂಚಾಯ್ತಿ, ಅಷ್ಟೇ ಹಣವನ್ನು ಸರ್ಕಾರ ಕೊಡುತ್ತಿತ್ತು. ಪುಕ್ಕಟೆ ಬಂದದ್ದನ್ನು ಯಾರೂ ಜೋಪಾನ ಮಾಡುವುದಿಲ್ಲ ಎಂಬುದನ್ನು ಮಹಾರಾಜರು ಬಲ್ಲವರಾಗಿದ್ದರು. ತಾವು ಪಾಲು ಹಾಕಿದ ಗ್ರಂಥಾಲಯವನ್ನು ಊರು ತನ್ನದೆಂದುಕೊಂಡಿತು.

ಗಣಿತದ ಮೇಷ್ಟ್ರು ಮತ್ತು ಎತ್ತಿನ ಗಾಡಿ

ಈಗ ಮದರಾಸಿಗೆ ಬನ್ನಿ. 1924ರಲ್ಲಿ ಮದರಾಸು ವಿಶ್ವವಿದ್ಯಾಲಯ ತನ್ನ ಗ್ರಂಥಪಾಲಕರನ್ನಾಗಿ ಗಣಿತದ ಮೇಷ್ಟ್ರೊಬ್ಬರನ್ನು ನೇಮಿಸಿತು. ಅವರೇ ಎಸ್. ಆರ್. ರಂಗನಾಥನ್. ತರಬೇತಿಗೆಂದು ಇಂಗ್ಲೆಂಡಿಗೆ ಹೋದವರು ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಕೂಲಿಯವರಿಗೂ ಗೃಹಿಣಿಯರಿಗೂ ಮಕ್ಕಳಿಗೂ ಬಾಗಿಲು ತೆರೆದಿದ್ದ ಬಡಾವಣೆಯ ಗ್ರಂಥಾಲಯಗಳು ಅವರ ಕಣ್ಣು ತೆರೆಸಿದವು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಹುಟ್ಟಿತು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಅವರ ಪುಸ್ತಕ ಬಂತು.

ಆ ಸೂತ್ರಗಳ ತಿರುಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಬೀಗ ಹಾಕಿದ ಪುಸ್ತಕ ಇದ್ದೂ ಇಲ್ಲದಂತೆ. ಓದುಗ ಬರಲಿ ಎಂದು ಕಾಯುತ್ತ ಕೂರಬಾರದು, ಪುಸ್ತಕವೇ ತನ್ನ ಓದುಗನನ್ನು ಹುಡುಕಿಕೊಂಡು ಹೋಗಬೇಕು. ಓದು ಬಾರದವರಿಗೆ ಓದಿ ಹೇಳುವುದು, ಓದುಗರ ಬಳಗ ಕಟ್ಟುವುದು, ಉಪನ್ಯಾಸ, ಪ್ರದರ್ಶನ ಏರ್ಪಡಿಸುವುದು, ಇವೆಲ್ಲ ಗ್ರಂಥಪಾಲಕನ ಬಿಡುವಿನ ಹವ್ಯಾಸಗಳಲ್ಲ, ಅವನ ಕೆಲಸವೇ ಎಂದು ರಂಗನಾಥನ್ ವಾದಿಸಿದರು. ದೇಶದಲ್ಲಿ ನೂರಕ್ಕೆ ಹತ್ತು ಮಂದಿಗೂ ಓದು ಬಾರದಿದ್ದ ಕಾಲವದು.

ಪುಸ್ತಕ ಓದುಗನನ್ನು ಹುಡುಕಿ ಹೋಗಬೇಕೆಂಬ ಮಾತಿಗೆ ಅದೇ ವರ್ಷ ಚಕ್ರ ಬಂತು. 1931ರ ಅಕ್ಟೋಬರಿನಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ ಎಸ್. ವಿ. ಕನಕಸಭೈ ಪಿಳ್ಳೈ ಅವರ ಯೋಜನೆಯಂತೆ ಎತ್ತಿನ ಗಾಡಿಯ ಗ್ರಂಥಾಲಯ ಹಳ್ಳಿಗಳತ್ತ ಹೊರಟಿತು. ಆಂಧ್ರದ ಗೆಳೆಯರು 1935ರಲ್ಲಿ ಕೃಷ್ಣಾ ಸೀಮೆಯ ಕಾಲುವೆಗಳಲ್ಲಿ ದೋಣಿಯ ಮೇಲೆ ಪುಸ್ತಕ ಸಾಗಿಸಿದರು. ರಸ್ತೆಯಿದ್ದ ಕಡೆ ಗಾಡಿ, ನೀರಿದ್ದ ಕಡೆ ದೋಣಿ.

1948ರಲ್ಲಿ ಮದರಾಸು ಸರ್ಕಾರ ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯನ್ನು ತಂದಿತು. ಅದರ ಹಿಂದೆಯೂ ರಂಗನಾಥನ್ ಅವರ ದುಡಿಮೆಯಿತ್ತು. ಮಂಗಳೂರು, ಉಡುಪಿ, ಬಳ್ಳಾರಿ, ಕೊಳ್ಳೇಗಾಲಗಳು ಆಗ ಮದರಾಸು ಪ್ರಾಂತ್ಯದಲ್ಲೇ ಇದ್ದವಲ್ಲ. ಹಾಗಾಗಿ ಈ ಕಾಯ್ದೆ ಆ ಕನ್ನಡ ಸೀಮೆಗಳಿಗೂ ಬಂದದ್ದೇ.

ದಿಲ್ಲಿಯ ಪ್ರಯೋಗ

ಈ ಎಲ್ಲ ಎಳೆಗಳೂ ಒಂದೆಡೆ ಕೂಡಿದ್ದು ದಿಲ್ಲಿಯಲ್ಲಿ. 1949ರಲ್ಲಿ ಯುನೆಸ್ಕೊ ಸಾರ್ವಜನಿಕ ಗ್ರಂಥಾಲಯ ಹೇಗಿರಬೇಕೆಂಬ ಘೋಷಣಾಪತ್ರವನ್ನು ಹೊರಡಿಸಿತು. ಕಾಗದದ ಮೇಲಿನದನ್ನು ನೆಲದ ಮೇಲೆ ಮಾಡಿ ತೋರಿಸಲು ಭಾರತ ಸರ್ಕಾರದ ಜೊತೆ ಸೇರಿ ದಿಲ್ಲಿಯನ್ನು ಆರಿಸಿಕೊಂಡಿತು. ಹಳೆ ದಿಲ್ಲಿಯ ರೈಲು ನಿಲ್ದಾಣದ ಎದುರಿಗೆ ದೆಹಲಿ ಪಬ್ಲಿಕ್ ಲೈಬ್ರರಿ ಸಿದ್ಧವಾಯಿತು. 1951ರ ಅಕ್ಟೋಬರ್ 27ರಂದು ಜವಾಹರಲಾಲ್ ನೆಹರೂ ಅದನ್ನು ಉದ್ಘಾಟಿಸಿದರು. ಇಂಗ್ಲೆಂಡಿನ ಲೇಟನ್ ಊರಿನ ಗ್ರಂಥಪಾಲಕ ಎಡ್ವರ್ಡ್ ಸಿಡ್ನಿ ಯುನೆಸ್ಕೊ ಪರವಾಗಿ ಬಂದು ಆರಂಭದ ಕೆಲಸಕ್ಕೆ ನೆರವಾದರು.

ಆಗಿನ ದಿಲ್ಲಿಯನ್ನು ಒಮ್ಮೆ ಕಲ್ಪಿಸಿಕೊಳ್ಳಿ. ದೇಶ ಇಬ್ಭಾಗವಾಗಿ ನಾಲ್ಕೇ ವರ್ಷ. 1941ರಲ್ಲಿ ಸುಮಾರು 9 ಲಕ್ಷವಿದ್ದ ದಿಲ್ಲಿಯ ಜನಸಂಖ್ಯೆ 1951ರಲ್ಲಿ 17 ಲಕ್ಷ ದಾಟಿತ್ತು. ಮನೆ ಕಳೆದುಕೊಂಡು ಬಂದವರು, ಕೆಲಸ ಹುಡುಕಿ ಬಂದವರು. ದೇಶದಲ್ಲಿ ಓದು ಬಲ್ಲವರು ಇನ್ನೂ ನೂರಕ್ಕೆ ಹದಿನೆಂಟು ಮಂದಿ. ಇಂಥ ನಗರದಲ್ಲಿ ಶುಲ್ಕವಿಲ್ಲದೆ, ಬೀಗವಿಲ್ಲದೆ, ಯಾರು ಬೇಕಾದರೂ ಕಪಾಟಿಗೆ ಕೈಯಿಟ್ಟು ಪುಸ್ತಕ ತೆಗೆದು ನೋಡಬಹುದಾದ ಗ್ರಂಥಾಲಯ ಎಂದರೆ ಎಷ್ಟೋ ಮಂದಿಗೆ ನಂಬಿಕೆ ಬಾರದ ಮಾತಾಗಿತ್ತು.

ಅಲ್ಲಿ ಪುಸ್ತಕ ಕೊಡುವ ವಿಭಾಗದ ಜೊತೆಗೆ ಸಮಾಜ ಶಿಕ್ಷಣ ವಿಭಾಗವೆಂಬುದೊಂದು ಇತ್ತು. ನಾಟಕದ ಗುಂಪು, ಸಂಗೀತದ ಗುಂಪು, ಸಾಹಿತ್ಯ ಬಳಗ, ಚರ್ಚಾಕೂಟ, ಉಪನ್ಯಾಸ, ಚಲನಚಿತ್ರ ಪ್ರದರ್ಶನ, ಎಲ್ಲವನ್ನೂ ನಡೆಸುತ್ತಿದ್ದುದು ಈ ವಿಭಾಗ. ಮಕ್ಕಳ ವಿಭಾಗದಲ್ಲಿ ಕತೆಯ ಹೊತ್ತು. ಕತೆ ಕೇಳಲೆಂದು ಬಂದ ಮಗು ಹೋಗುವಾಗ ಪುಸ್ತಕ ಕೇಳುತ್ತದೆ, ನಾಟಕ ನೋಡಲು ಬಂದ ದೊಡ್ಡವರು ಕಪಾಟಿನ ಮುಂದೆ ನಿಲ್ಲುತ್ತಾರೆ. ಲೆಕ್ಕಾಚಾರ ಇಷ್ಟು ಸರಳವಾಗಿತ್ತು. 1953ರಲ್ಲಿ ಸಂಚಾರಿ ಗ್ರಂಥಾಲಯದ ಬಸ್ಸು ಹೊರಟಿತು. ಮನ್ನಾರ್‌ಗುಡಿಯ ಗಾಡಿಗೆ ಈಗ ಎಂಜಿನ್ ಬಂದಿತ್ತು.

1955ರಲ್ಲಿ ಇಂಗ್ಲೆಂಡಿನ ಇನ್ನೊಬ್ಬ ಗ್ರಂಥಪಾಲಕ ಫ್ರಾಂಕ್ ಗಾರ್ಡ್ನರ್ ಬಂದು ಈ ಪ್ರಯೋಗವನ್ನು ಪರೀಕ್ಷಿಸಿದರು. ಅವರ ವರದಿ 1957ರಲ್ಲಿ ಪ್ರಕಟವಾಯಿತು. ದಿಲ್ಲಿಯ ಹಾದಿಯಲ್ಲೇ ಯುನೆಸ್ಕೊ 1954ರಲ್ಲಿ ಕೊಲಂಬಿಯಾದ ಮೆದೆಯಿನ್‌ನಲ್ಲಿ, 1959ರಲ್ಲಿ ನೈಜೀರಿಯಾದ ಎನುಗುವಿನಲ್ಲಿ ಮಾದರಿ ಗ್ರಂಥಾಲಯಗಳನ್ನು ತೆರೆಯಿತು. ದಿಲ್ಲಿ ಜಗತ್ತಿಗೆ ಮೇಲ್ಪಂಕ್ತಿಯಾಗಿತ್ತು ಎನ್ನುವುದರಲ್ಲಿ ಉತ್ಪ್ರೇಕ್ಷೆಯಿಲ್ಲ.

ಆದರೆ ಒಂದು ಮಾತನ್ನು ಹೇಳಲೇಬೇಕು. ಆರಂಭದ ಆ ಗ್ರಂಥಾಲಯದ ಭಾಷೆಗಳು ಹಿಂದಿ, ಉರ್ದು, ಇಂಗ್ಲಿಷ್. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಗುಮಾಸ್ತರಾಗಿ, ಸ್ಟೆನೋಗ್ರಾಫರ್‌ಗಳಾಗಿ ದುಡಿಯಲು ದಿಲ್ಲಿಗೆ ಬಂದ ಕನ್ನಡಿಗರ ಭಾಷೆ ಆ ಮೂರರಲ್ಲಿ ಇರಲಿಲ್ಲ. ದಿಲ್ಲಿಯಲ್ಲೂ ಮುಂಬಯಿಯಲ್ಲೂ ಹೈದರಾಬಾದಿನಲ್ಲೂ ನಮ್ಮವರು ಸಂಘ ಕಟ್ಟಿಕೊಂಡು, ಊರಿಂದ ಬರುವಾಗ ಟ್ರಂಕಿನಲ್ಲಿ ತಂದ ಕಾದಂಬರಿಗಳನ್ನು ಒಂದು ಬೀರುವಿನಲ್ಲಿ ಜೋಡಿಸಿಟ್ಟುಕೊಂಡರು. 1926ರಲ್ಲಿ ಹುಟ್ಟಿದ ಮುಂಬಯಿಯ ಮೈಸೂರು ಅಸೋಸಿಯೇಷನ್ ಇರಲಿ, ದಿಲ್ಲಿಯ ಕರ್ನಾಟಕ ಸಂಘ ಇರಲಿ, ಹೊರನಾಡಿನ ಸಂಘಗಳು ನಾಟಕ, ಉಪನ್ಯಾಸಗಳಿಂದಲೇ ಕನ್ನಡವನ್ನು ಕಾಪಾಡಿಕೊಂಡು ಬಂದವು. ದೊಡ್ಡ ಗ್ರಂಥಾಲಯ ಮಾಡಿದ ಕೆಲಸವನ್ನೇ ಅವು ಸಣ್ಣದಾಗಿ ಮಾಡುತ್ತಿದ್ದವು.

ತವರಿನಲ್ಲಿ

ರಂಗನಾಥನ್ ತಮ್ಮ ಬದುಕಿನ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರವೊಂದನ್ನು ಕಟ್ಟಿದರು. 1972ರಲ್ಲಿ ಅಲ್ಲಿಯೇ ತೀರಿಕೊಂಡರು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಊರಿನಲ್ಲಿ ನಿಮ್ಮ ಮನೆಯ ತೆರಿಗೆ ರಸೀತಿಯನ್ನು ನೋಡಿದರೆ ‘ಗ್ರಂಥಾಲಯ ಕರ’ ಎಂಬ ಸಾಲು ಕಾಣುತ್ತದೆ. ಅದು ಈ ಕಾಯ್ದೆಯ ಫಲ. ಬರೋಡಾದ ಹಳ್ಳಿಯವರು ಹಾಕುತ್ತಿದ್ದ ಪಾಲು ಇಲ್ಲಿ ಕರವಾಗಿ ಬಂದಿದೆ ಎಂದುಕೊಳ್ಳಿ. ವ್ಯತ್ಯಾಸವೇನೆಂದರೆ, ಅವರಿಗೆ ತಾವು ಪಾಲು ಹಾಕಿದ್ದು ನೆನಪಿರುತ್ತಿತ್ತು. ನಮಗೆ ನೆನಪಿರುವುದಿಲ್ಲ.

ನೆನಪಿಲ್ಲದ್ದರ ಪರಿಣಾಮ ಎಲ್ಲ ಊರುಗಳಲ್ಲೂ ಕಾಣುತ್ತಿದೆ. ಬಡಾವಣೆಯ ಎಷ್ಟೋ ಗ್ರಂಥಾಲಯಗಳಲ್ಲಿ ಈಗ ಬೆಳಗಿನಿಂದ ಕುರ್ಚಿ ಹಿಡಿದು ಕೂರುವವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಅವರ ಮೇಲೆ ದೂರಿಲ್ಲ. ಮನೆಯಲ್ಲಿ ಓದಲು ಜಾಗವಿಲ್ಲದವರಿಗೆ ಆ ಕುರ್ಚಿಯೇ ಅನ್ನದ ದಾರಿ. ಆದರೆ ಅವರು ಓದುವುದು ತಾವೇ ತಂದ ಗೈಡುಗಳನ್ನು. ಕಪಾಟಿನ ಕತೆ ಪುಸ್ತಕಗಳ ಮೇಲೆ ಧೂಳು ಕೂರುತ್ತದೆ. ಮಕ್ಕಳು ಒಳಗೆ ಬಂದರೆ ಸದ್ದು ಮಾಡಬೇಡಿ ಎಂಬ ಗದರಿಕೆ. ಸಿಬ್ಬಂದಿ ಸಾಲದಿದ್ದಾಗ ಗ್ರಂಥಪಾಲಕರು ಮೊದಲು ಕೈಬಿಡುವುದು ಕಾರ್ಯಕ್ರಮಗಳನ್ನೇ. ಕಾರ್ಯಕ್ರಮ ನಿಂತರೆ ಹೊಸ ಓದುಗ ಬರುವುದಿಲ್ಲ. ಹೊಸ ಓದುಗ ಬಾರದಿದ್ದರೆ ಪುಸ್ತಕ ಕೊಳ್ಳಲು ಹಣವೇಕೆ ಎಂಬ ಪ್ರಶ್ನೆ ಏಳುತ್ತದೆ. ಗ್ರಂಥಾಲಯಗಳು ಒಂದೇ ದಿನ ಮುಚ್ಚುವುದಿಲ್ಲ, ಹೀಗೆ ಒಣಗುತ್ತವೆ.

ಒಣಗಿದ್ದು ಮತ್ತೆ ಚಿಗುರಬಲ್ಲದು ಎಂಬುದಕ್ಕೂ ನಿದರ್ಶನವಿದೆ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ, ಕರ್ನಾಟಕದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ‘ಓದುವ ಬೆಳಕು’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ, ಕತೆ ಹೇಳುವುದು, ಗಟ್ಟಿಯಾಗಿ ಓದುವುದು. ನೂರು ವರ್ಷ ಹಳೆಯ ಮದ್ದನ್ನೇ ಮತ್ತೆ ಅರೆದು ಕೊಟ್ಟಂತೆ.

ನಿಮ್ಮ ಊರಿನಲ್ಲಿ, ನಿಮ್ಮ ಪುಸ್ತಕ

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಮ್ಮ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಕೊರಗಿದೆ. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ತಕ್ಕಮಟ್ಟಿಗೆ ಮಾತೂ ಆಡುತ್ತಾರೆ, ಆದರೆ ಓದಲು ಬರುವುದಿಲ್ಲ. ಶಾಲೆಯಲ್ಲಿ ಕನ್ನಡವಿಲ್ಲ, ಮನೆಯಲ್ಲಿ ಕಲಿಸಲು ಹೊತ್ತಿಲ್ಲ. ಮುಂದಿನ ತಲೆಮಾರಿಗೆ ಕಿವಿಯ ಕನ್ನಡವೂ ಉಳಿಯುತ್ತದೋ ಇಲ್ಲವೋ.

ಇದುವರೆಗೆ ಹೇಳಿದ ಚರಿತ್ರೆಯ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಓದು ಬಾರದವರನ್ನು ಹೊರಗಿಟ್ಟು ಯಾವ ಗ್ರಂಥಾಲಯವೂ ಬೆಳೆಯಲಿಲ್ಲ. ಮೊದಲು ಕೇಳಿಸಿದರು, ಆಮೇಲೆ ಓದಿಸಿದರು. ನಿಮ್ಮ ಮಗುವಿನ ಬಳಿ ಕಿವಿಯ ಕನ್ನಡ ಇದೆಯಲ್ಲ, ಅದು ಸಣ್ಣ ಬಂಡವಾಳವೇನಲ್ಲ.

ಇನ್ನು ಪುಸ್ತಕದ ಮಾತು. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ, ಭಾರತದಲ್ಲಿ ಯಾವುದೇ ಭಾಷೆಯಲ್ಲಿ ಪುಸ್ತಕ ಪ್ರಕಟಿಸಿದವರು 30 ದಿನಗಳೊಳಗೆ ಅದರ ಒಂದೊಂದು ಪ್ರತಿಯನ್ನು ನಾಲ್ಕು ಗ್ರಂಥಾಲಯಗಳಿಗೆ ತಮ್ಮದೇ ಖರ್ಚಿನಲ್ಲಿ ಕಳಿಸಬೇಕು. ಕೋಲ್ಕತ್ತದ ನ್ಯಾಷನಲ್ ಲೈಬ್ರರಿ, ಚೆನ್ನೈನ ಕನ್ನೆಮರಾ ಲೈಬ್ರರಿ, ಮುಂಬಯಿಯ ಸೆಂಟ್ರಲ್ ಲೈಬ್ರರಿ, ಜೊತೆಗೆ 1980ರ ದಶಕದ ಆರಂಭದಲ್ಲಿ ಈ ಪಟ್ಟಿಗೆ ಸೇರಿದ ದೆಹಲಿ ಪಬ್ಲಿಕ್ ಲೈಬ್ರರಿ. ಒಂದು ಕಾಲಕ್ಕೆ ಮೂರೇ ಭಾಷೆಗಳಿದ್ದ ಅದೇ ಲೈಬ್ರರಿ! ಅಂದರೆ ಧಾರವಾಡದಲ್ಲೋ ಮೈಸೂರಿನಲ್ಲೋ ಅಚ್ಚಾದ ಕನ್ನಡ ಪುಸ್ತಕ ನಿಮ್ಮ ಊರಿಗೆ ಬರಬೇಕೆಂದು ದೇಶದ ಕಾನೂನೇ ಹೇಳುತ್ತದೆ. ಕಳಿಸದಿದ್ದವರಿಗೆ 50 ರೂಪಾಯಿವರೆಗಿನ ದಂಡ, ಮೇಲೆ ಪುಸ್ತಕದ ಬೆಲೆ. ಇಷ್ಟು ಸಣ್ಣ ದಂಡಕ್ಕೆ ಯಾರು ಹೆದರುತ್ತಾರೆ? ಎಲ್ಲರೂ ಕಳಿಸುವುದಿಲ್ಲ. ಬಂದ ಪುಸ್ತಕಗಳನ್ನು ಕೇಳುವವರೂ ಇಲ್ಲದಿದ್ದರೆ ಅವು ಕಟ್ಟು ಬಿಚ್ಚದೆ ಮೂಲೆ ಸೇರುವ ಸಂಭವವೇ ಹೆಚ್ಚು. ಹಾಗಾಗಿ ಮೊದಲ ಕೆಲಸ, ಹೋಗಿ ಕೇಳುವುದು. ಕನ್ನಡ ಪುಸ್ತಕ ಎಲ್ಲಿಟ್ಟಿದ್ದೀರಿ ಎಂದು ಕೇಳಿ. ಕೌಂಟರಿನಲ್ಲಿ ಇದೇ ಪ್ರಶ್ನೆ ವಾರಕ್ಕೆ ಹತ್ತು ಬಾರಿ ಬಂದರೆ ಕಪಾಟು ತಾನಾಗಿ ಮುಂದಕ್ಕೆ ಬರುತ್ತದೆ.

ಹೈದರಾಬಾದ್ ಮತ್ತು ಪುಣೆಯ ಮಿತ್ರರೇ, ಈ ಪಟ್ಟಿಯಲ್ಲಿ ನಿಮ್ಮ ಊರಿಲ್ಲ ಎಂದು ಬೇಸರಪಡಬೇಡಿ. ಹೈದರಾಬಾದಿನ 1901ರ ಕತೆ ಈಗಾಗಲೇ ಕೇಳಿದಿರಿ. ಪುಣೆ ನಗರ ವಾಚನ ಮಂದಿರ 1848ರಷ್ಟು ಹಳೆಯದು. ಕಾನೂನಿನ ಬೆಂಬಲವಿಲ್ಲದೆ ಜನರೇ ಗ್ರಂಥಾಲಯ ನಡೆಸಿದ ಊರುಗಳು ನಿಮ್ಮವು.

ಎರಡನೆಯ ಕೆಲಸ ಇನ್ನೂ ಸುಲಭ. ನವೆಂಬರ್ ಬಂತೆಂದರೆ ನಮ್ಮ ಸಂಘಗಳಲ್ಲಿ ರಾಜ್ಯೋತ್ಸವದ ಸಡಗರ. ಅದೇ ತಿಂಗಳ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. 14 ಮಕ್ಕಳ ದಿನಾಚರಣೆ ಬೇರೆ. ಆ ವಾರದಲ್ಲಿ ಒಂದು ಗಂಟೆಯ ಹೊತ್ತು ನಿಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಜಾಗ ಕೊಡಿ ಎಂದು ಸಂಘದ ಪರವಾಗಿ ಒಂದು ಅರ್ಜಿ ಬರೆಯಿರಿ. ಮೈಕು ಬೇಡ, ಶಾಲು ಹಾರ ಬೇಡ. ಚೆನ್ನಾಗಿ ಓದುವ ಅಜ್ಜಿಯೊಬ್ಬರು, ಒಂದು ಕನ್ನಡ ಕತೆ ಪುಸ್ತಕ, ನೆಲದ ಮೇಲೆ ಜಮಖಾನ. ಅಕ್ಕಪಕ್ಕದ ಮರಾಠಿ, ತಮಿಳು, ತೆಲುಗು, ಹಿಂದಿ ಮಕ್ಕಳೂ ಬರಲಿ, ಅವರ ಭಾಷೆಯ ಕತೆಯೂ ಒಂದಿರಲಿ. ಹಾಗೆ ಕೇಳಿದರೆ ಗ್ರಂಥಪಾಲಕರಿಗೂ ಇಲ್ಲವೆನ್ನಲು ಕಷ್ಟ.

ಓದು ಮುಗಿದ ಮೇಲೆ ಆ ಪುಸ್ತಕವನ್ನು ಮಕ್ಕಳ ಕೈಗೆ ಕೊಡಿ. ಅಕ್ಷರ ಗೊತ್ತಿಲ್ಲದಿದ್ದರೂ ಪುಟ ತಿರುವಲಿ. ಈಗಷ್ಟೇ ಕೇಳಿದ ಕತೆ ಈ ಗುಂಡಗುಂಡಗಿನ ಅಕ್ಷರಗಳಲ್ಲಿದೆ ಎಂದು ತಿಳಿದ ಮಗು ಮುಂದಿನ ಸಲ ಏನು ಕೇಳುತ್ತದೆ ನೋಡಿ. ಏನು ಕೇಳಿತೆಂದು ನಮಗೂ ಒಂದು ಪತ್ರ ಬರೆಯಿರಿ. ಕಾಯುತ್ತಿರುತ್ತೇವೆ.